ಸೀಮಂತದ ತನಕ

೧೭ ಫೆಬ್ರವರಿ ೨೦೦೩, ಸೋಮವಾರ

ಇದನ್ನು ಇಲ್ಲಿಯೂ ಬರೆಯದೆ ಬಿಟ್ಟುಬಿಡುವುದರಲ್ಲಿದ್ದೆ: ಇವತ್ತೇ ಆಸ್ಪತ್ರೆಗೆ ಸೇರಬೇಕು ಅಂತ ಡಾಕ್ಟರು ಹೇಳಿದರು. ನಾನು ಮನೆಗೆ ಬಂದು ಅತ್ತೆಗೆ "ಎಲ್ಲ ನಾರ್ಮಲ್ ಅಮ್ಮಾ" ಅಂದೆ.

ಬರೆದ ಮೇಲೆ ಅದು ಅಷ್ಟೊಂದು ದೊಡ್ಡ ಸುಳ್ಳಾಗಿ ಕಾಣುತ್ತಿಲ್ಲ. ಭಯವಾಗುವುದು ಅದಕ್ಕೇ.

ನನಗೆ ನಲವತ್ತೊಂದು. ಮದುವೆಯಾಗಿ ಹದಿನಾರು ವರ್ಷಕ್ಕೆ ಮೊದಲ ಬಸಿರು, ಈಗ ಏಳನೆಯ ತಿಂಗಳು. ಡಾಕ್ಟರ್ ಕಲಾವತಿ ತೋಳಿಗೆ ಪಟ್ಟಿ ಸುತ್ತಿ ಪ್ರೆಷರ್ ನೋಡಿದರು. ಮತ್ತೆ ನೋಡಿದರು. ಎಡಕ್ಕೆ ಹೊರಳಿ ಸ್ವಲ್ಪ ಹೊತ್ತು ಮಲಗಲು ಹೇಳಿ ಇನ್ನೊಮ್ಮೆ ನೋಡಿದರು. ನೂರೈವತ್ತು, ನೂರು. ಮೂತ್ರದಲ್ಲಿ ಪ್ರೋಟೀನ್ ಇದೆ. ಸ್ಕ್ಯಾನಿನಲ್ಲಿ ಮಗು ಇರಬೇಕಾದ ಅಳತೆಗಿಂತ ಎರಡು ವಾರ ಹಿಂದಿದೆ.

"ಹಿಂದೆ ಅಂದರೆ?" ಅಂದೆ. ಅವರು ಚಿಕ್ಕ ಹುಡುಗಿಗೆ ಹೇಳುವ ಹಾಗೆ ಈ ಊರಿನ ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ತಾಯಿಯ ಪ್ರೆಷರ್ ಏರಿದರೆ ಮಾಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಮಗುವಿಗೆ ಊಟವೂ ಅದರಿಂದಲೇ, ಉಸಿರೂ ಅದರಿಂದಲೇ. ನೀವು ಎಷ್ಟು ತಿಂದರೂ ಅದು ಒಳಗೆ ಅರೆಹೊಟ್ಟೆಯಲ್ಲೇ ಇರುತ್ತದಮ್ಮಾ, ಅಂದರು. ಸೇರಿಕೊಂಡರೆ ಮಾತ್ರೆ, ವಿಶ್ರಾಂತಿ, ದಿನವೂ ತಪಾಸಣೆ. ಅವಸರದಲ್ಲಿ ಹೆರಿಗೆ ಮಾಡಿಸಬೇಕಾಗಿ ಬಂದರೆ ಇರಲಿ ಎಂದು ಮಗುವಿನ ಶ್ವಾಸಕೋಶಕ್ಕೆ ಎರಡು ಇಂಜೆಕ್ಷನ್, ಇವತ್ತೊಂದು ನಾಳೆಯೊಂದು. ಅದನ್ನು ಹಾಕಿದ ಮೇಲೆ ಮಲಗಿ ನಿಗಾದಲ್ಲಿರಬೇಕು, ಹಾಕಿಸಿಕೊಂಡು ಮನೆಗೆ ಓಡುವ ಹಾಗಿಲ್ಲ.

"ಶುಕ್ರವಾರ ಸೀಮಂತ ಇದೆ ಡಾಕ್ಟರ್. ಶನಿವಾರ ಬೆಳಿಗ್ಗೆ ಬಂದು ಸೇರಿಕೊಳ್ಳುತ್ತೇನೆ."

"ಎನ್ನಮ್ಮಾ ಇದು! ಪಡಿಚ್ಚವಂಗ ಪೇಸುರ ಪೇಚ್ಚಾ?" ಓದಿದವರು ಆಡುವ ಮಾತೇ ಇದು ಅಂತ. ಆಮೇಲೆ ಒಂದು ಕಾಗದ ಮುಂದಿಟ್ಟರು. ವೈದ್ಯರ ಸಲಹೆಯನ್ನು ಮೀರಿ ಹೋಗುತ್ತಿದ್ದೇನೆ ಎಂದು. ನಾನು ಅದನ್ನು ಕಾಮಾ ಸಹಿತ ಪೂರ್ತಿ ಓದಿ ಸಹಿ ಹಾಕಿದೆ.

ವಿಮಾ ಕಚೇರಿಯಲ್ಲಿ ನನ್ನ ಕೆಲಸ ಕ್ಲೇಮ್ ಪರಿಶೀಲನೆ. ಸತ್ತವನು ಪಾಲಿಸಿ ಮಾಡಿಸುವಾಗ ಬಿ.ಪಿ. ಇರುವುದನ್ನು ಮುಚ್ಚಿಟ್ಟಿದ್ದರೆ ಅವನ ಹೆಂಡತಿಗೆ ಇಲ್ಲವೆನ್ನುವ ಪತ್ರ ಹೋಗುವುದು ನನ್ನ ಮೇಜಿನಿಂದ. "ತಿಳಿದೂ ತಿಳಿಸಲಿಲ್ಲ" ಎಂಬ ಕಾರಣ ಬರೆಯುವಾಗ ಒಂದು ಸಲವೂ ನನ್ನ ಕೈ ತಡೆದದ್ದಿಲ್ಲ.

೧೯ ಫೆಬ್ರವರಿ, ಬುಧವಾರ

ಗುರುಚರಣರಿಗೆ ಹೇಳಿದೆ. ಹೆಂಡತಿಯಾಗಿ ಅಷ್ಟಾದರೂ ಮಾಡಬೇಕಲ್ಲ. ಬ್ಯಾಂಕಿನಿಂದ ಬೇಗ ಬಂದು ವಿಶ್ವಕಪ್ ನೋಡುತ್ತಿದ್ದರು.

"ಡಾಕ್ಟರ್ ಅಡ್ಮಿಟ್ ಆಗು ಅಂತಾರೆ. ಪ್ರೆಷರ್ ಇದೆಯಂತೆ. ಮಗು ಚಿಕ್ಕದಿದೆಯಂತೆ."

"ಎಷ್ಟು ದಿನಕ್ಕೆ?"

"ಹೆರಿಗೆ ತನಕ ಇರಬೇಕಾದೀತು."

ಅವರು ಒಂದು ಓವರ್ ಮುಗಿಯುವ ತನಕ ಯೋಚಿಸಿದರು. "ಶುಕ್ರವಾರ ತಾನೇ ಫಂಕ್ಷನ್? ಎಲ್ರಿಗೂ ಹೇಳಿ ಆಗಿದೆ. ಅದು ಮುಗಿಸ್ಕೊಂಡು ಹೋದ್ರೆ ಪರವಾಯಿಲ್ಲೆ ಅಲ್ವಾ? ನೀನು ಓದಿದವಳು ಜಯಾ, ನಿನಗೆ ಹ್ಯಾಗೆ ತೋರತ್ತೋ ಹಾಗೆ."

ಹದಿನಾರು ವರ್ಷದಲ್ಲಿ ಈ ಮನುಷ್ಯ ನನಗೆ ಯಾವುದಕ್ಕೂ ಬೇಡ ಅಂದವರಲ್ಲ. ಅದನ್ನು ಒಳ್ಳೆಯತನ ಅಂದುಕೊಂಡಿದ್ದೆ.

ಅತ್ತೆ ನನ್ನ ಕಾಲು ನೋಡಿ ಖುಷಿಪಟ್ಟರು. "ಊದೋದು ಲಕ್ಷಣ ಕಣೇ. ಗುರು ಹೊಟ್ಟೇಲಿದ್ದಾಗ ನನಗೆ ಚಪ್ಪಲೀನೇ ಏರ್ತಿರಲಿಲ್ಲ. ಎದುರುಮನೆಯವಳು ಏನೋ ಪ್ರೆಷರ್ರು ಗಿಷರ್ರು ಅಂತಿದ್ಲು. ಅದೆಲ್ಲ ಆಫೀಸ್‌ಗೆ ಹೋಗೋರಿಗೆ ಬರೋದು, ಬಸುರಿಗೆ ಎಲ್ಲಿಂದ ಬರತ್ತೆ?"

"ನಾನೂ ಆಫೀಸ್‌ಗೆ ಹೋಗೋಳೇ ಅಮ್ಮಾ."

"ಸುಮ್ನಿರು, ಎದುರುತ್ತರಕ್ಕೇನೂ ಕಮ್ಮಿಯಿಲ್ಲ."

ಅವರನ್ನು ದೂರುವುದು ಸುಲಭ. ನಿಜ ಬೇರೆ. ಈ ಸೀಮಂತ ಬೇಕಾಗಿರುವುದು ನನಗೆ.

ಈ ಊರಿನಲ್ಲಿ ಒಂದು ಪದ್ಧತಿ ಇದೆ. ಬಸುರಿಗೆ ಬಳೆ ತೊಡಿಸುವಾಗ ಅವಳ ಪಕ್ಕದ ಮಣೆಯಲ್ಲಿ ಮಕ್ಕಳಾಗದ ಒಬ್ಬ ಹೆಂಗಸನ್ನು ಕೂರಿಸಿ ಅವಳ ಕೈಗೂ ಎರಡು ಬಳೆ ಹಾಕುತ್ತಾರೆ, ಅವಳಿಗೂ ಬೇಗ ಆಗಲಿ ಎಂದು. ತಮಿಳರ ಮನೆಗಳ ರೂಢಿ. ಮೂರು ತಲೆಮಾರು ಇಲ್ಲೇ ಇದ್ದ ನಮ್ಮವರಿಗೂ ಅಂಟಿದೆ. ಆ ಎರಡನೆಯ ಮಣೆ ನನ್ನದಾಗಿತ್ತು. ಬಂಧುಗಳಲ್ಲಿ ಯಾರ ಸೀಮಂತವಾದರೂ ಅತ್ತೆ ಹುಡುಕಿಕೊಂಡು ಬಂದು ನನ್ನನ್ನು ಕೂರಿಸುತ್ತಿದ್ದರು. ಆಸೆಯಿಂದಲೇ, ಕಣ್ಣಲ್ಲಿ ನೀರು ತುಂಬಿಕೊಂಡಿರುತ್ತಿತ್ತು. ಕೊನೆಕೊನೆಗೆ ಕರೆಯುವ ಮೊದಲೇ ನಾನೇ ಹೋಗಿ ಕೂರುತ್ತಿದ್ದೆ. "ಜಯಾ ಎಲ್ಲಿ, ಜಯಾನ ಕರೀರಿ" ಎನ್ನುವ ಕೂಗು ಕೇಳಿಸಿಕೊಳ್ಳುವುದಕ್ಕಿಂತ ಅದು ಮೇಲು. ಹೋದ ವರ್ಷ ಕೂತದ್ದು ಇಪ್ಪತ್ತೆರಡು ವರ್ಷದ ಹುಡುಗಿಯ ಪಕ್ಕ.

ಒಂದು ಸಲ ಮೊದಲನೆಯ ಮಣೆಯಲ್ಲಿ ಕೂರಬೇಕು. ಅಷ್ಟೇ. ಇನ್ನೆರಡು ದಿನದಲ್ಲಿ ಏನಾದೀತು?

೨೧ ಫೆಬ್ರವರಿ, ಶುಕ್ರವಾರ

ಬರೆಯದೆ ಮಲಗಲು ಮನಸ್ಸಿಲ್ಲ. ತಲೆ ಸಿಡಿಯುತ್ತಿದೆ, ಆದರೂ.

ಬಳೆಗಳು ಕೈಗೆ ಏರಲಿಲ್ಲ. ಟಿ. ನಗರದಲ್ಲಿ ಹೋದ ತಿಂಗಳು ಅಳತೆ ಕೊಟ್ಟು ತಂದವು. ಹಸಿರು ಗಾಜಿನವು. ಮೊದಲನೆಯದೇ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. "ಸೋಪು ತನ್ನಿ, ಸೋಪು" ಅಂತ ಅತ್ತೆ. ಅವರ ತಂಗಿ ನನ್ನ ಅಂಗೈ ಹಿಡಿದು ಎಲ್ಲರಿಗೂ ತೋರಿಸಿದರು: "ನೋಡ್ರೇ, ಪೂರಿ ಉಬ್ಬಿದ ಹಾಗೆ ಉಬ್ಬಿದೆ! ತಾಯಿ ಕೈಯೇ ಹೀಗಿದ್ರೆ ಒಳಗಿರೋನು ಇನ್ನೆಷ್ಟು ಪುಷ್ಟಿಯಾಗಿರಬೇಡ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಅರೆಹೊಟ್ಟೆ ಎಂಬ ಮಾತು ಆಗ ನೆನಪಾಯಿತು, ಇಲ್ಲವೆನ್ನಲಾರೆ. ಸೋಪು ಹಚ್ಚಿ, ಮೂಳೆ ಒತ್ತಿ, ಮೊಣಕೈ ತನಕ ತೊಡಿಸಿದರು.

ಪಕ್ಕದ ಮಣೆಯಲ್ಲಿ ಶ್ರೀಪ್ರಿಯಾ. ನನ್ನ ಮೈದುನ ಪ್ರಮೋದನ ಹೆಂಡತಿ. ಹುಬ್ಬಳ್ಳಿಯ ಹುಡುಗಿ, ಅವನಿಗೆ ರೈಲ್ವೆಯಲ್ಲಿ ಕೆಲಸ ಅಲ್ಲೇ, ಮದುವೆಯೂ ಅಲ್ಲೇ ಆಯಿತು. ಮೂರು ವರ್ಷವಾಯಿತು, ಇನ್ನೂ ಇಲ್ಲ. ಅವಳನ್ನು ಅಲ್ಲಿ ಕೂರಿಸಿದಾಗ ನಾನು ಬೇಡ ಎನ್ನಬಹುದಿತ್ತು. ಅವಮಾನದ ರುಚಿ ಗೊತ್ತಿದ್ದವಳು ನಾನೊಬ್ಬಳೇ. ಬದಲಿಗೆ ಅವಳ ಕಿವಿಯಲ್ಲಿ "ಬೇಜಾರಾಯ್ತಾ?" ಅಂದೆ.

"ನಂದಿರಲಿ ವೈನಿ. ನಿಮ್ಮ ಮಾರಿ ಯಾಕ ಹಿಂಗ ಬಾತದ? ತಲಿ ನೋಯಾಕತ್ತದೇನು?"

ಇಷ್ಟು ಜನರಲ್ಲಿ ಕೇಳಿದವಳು ಅವಳೊಬ್ಬಳೇ. ಇಲ್ಲ ಅಂದೆ.

ಆಮೇಲೆ ಊಟ. ಬಯಕೆಯ ಊಟ ಎಂದು ಪುಳಿಯೋಗರೆ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ. ತಿಂದೆ. ಹೂವು ಮುಡಿಸಿದರು. ಫೋಟೋ ತೆಗೆದರು.

ಸಂತೋಷವಾಗಿದ್ದೆ. ಇದನ್ನೂ ಬರೆದಿಡಬೇಕು. ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

೨ ಮಾರ್ಚ್, ಭಾನುವಾರ

ಆಸ್ಪತ್ರೆ. ಈ ಪುಸ್ತಕ ತರಿಸಿಕೊಂಡೆ. ಕೂತು ಬರೆಯಬಹುದು ಅಂದಿದ್ದಾರೆ.

ಆ ಶನಿವಾರ ಬೆಳಿಗ್ಗೆ ಎದ್ದಾಗ ಎದೆಗೂಡಿನ ಕೆಳಗೆ ಹಿಂಡುತ್ತಿತ್ತು, ಕಣ್ಣ ಮುಂದೆ ಮಿಣುಕು. ಪುಳಿಯೋಗರೆಯ ಪಿತ್ತ ಅಂತ ಅತ್ತೆ ಮಜ್ಜಿಗೆ ಕೊಟ್ಟರು. ಅದನ್ನು ಕಾರಿದ ಮೇಲೆ ಆಟೋ. ಪ್ರೆಷರ್ ನೂರೆಂಬತ್ತು ದಾಟಿತ್ತು. ಮಗುವಿನ ಎದೆಬಡಿತ ಬೀಳುತ್ತಿದೆ, ಈಗಲೇ ಆಪರೇಷನ್, ಅಂದರು ಡಾಕ್ಟರ್ ಕಲಾವತಿ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನರ್ಸ್ ಸೂಜಿ ಚುಚ್ಚಲು ನರ ಹುಡುಕಿದಳು. ಎರಡೂ ಕೈ ತುಂಬ ಬಳೆ. ರಾತ್ರಿಯೊಳಗೆ ಕೈ ಇನ್ನೂ ಊದಿ ಅವು ಚರ್ಮದೊಳಗೆ ಹುಗಿದುಕೊಂಡಿದ್ದವು. ಅವಳು ಒಡೆಯಲು ಇಕ್ಕಳ ತೆಗೆದುಕೊಂಡಾಗ ಅತ್ತೆ ಅಡ್ಡ ಬಂದರು. "ಒಡೀಬೇಡಮ್ಮಾ! ನಿನ್ನೆ ತಾನೇ ತೊಡಿಸಿರೋದು, ಬಸುರಿ ಕೈ! ಎಣ್ಣೆ ತಾ, ನಾನು ತೆಗೀತೀನಿ, ಒಂದೊಂದಾಗಿ ಬಂದ್ಬಿಡತ್ತೆ." ಎಣ್ಣೆ ಸವರಿ ಎಳೆಯತೊಡಗಿದರು. ಒಂದು ಬಂತು. ಎರಡನೆಯದು ಬರಲಿಲ್ಲ. ಗುರುಚರಣ ಬಾಗಿಲಲ್ಲಿ ನಿಂತು, ನಾನು ಏನು ಹೇಳುತ್ತೇನೋ ಎಂದು ನನ್ನನ್ನೇ ನೋಡುತ್ತಿದ್ದರು.

ನಾನು ಎರಡೂ ಕೈಯನ್ನು ಮಂಚದ ಕಬ್ಬಿಣಕ್ಕೆ ಅಪ್ಪಳಿಸಿದೆ. ಒಂದು ಸಲಕ್ಕೆ ಸಾಲಲಿಲ್ಲ. ನಮ್ಮಲ್ಲಿ ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಒಡೆದೆ. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು.

ಹೆಣ್ಣು. ಒಂಬೈನೂರ ಎಂಬತ್ತು ಗ್ರಾಂ. ಅಷ್ಟು ತಿಂಗಳಿಗೆ ಇರಬೇಕಾದ ತೂಕಕ್ಕಿಂತ ಎಷ್ಟೋ ಕಡಿಮೆ. ಗಾಜಿನ ಪೆಟ್ಟಿಗೆಯಲ್ಲಿದೆ. ಮೂಗಿಗೆ, ಬಾಯಿಗೆ, ಹೊಕ್ಕುಳಿಗೆ ಕೊಳವೆ. ಉಸಿರಾಡುವುದು ಯಂತ್ರ. ಅದರ ತೊಡೆ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಅದನ್ನು ಮೊದಲು ನೋಡಿದಾಗ ನನ್ನ ಮನಸ್ಸಿಗೆ ಬಂದದ್ದು ಪ್ರೀತಿಯಲ್ಲ. ಇದು ನನ್ನದಲ್ಲ, ಯಾರೋ ಅರ್ಧಕ್ಕೆ ಬಿಟ್ಟ ಕೆಲಸ, ಅನ್ನಿಸಿತು.

ಶ್ವಾಸಕೋಶದ ಇಂಜೆಕ್ಷನ್ ಒಂದು ಆಪರೇಷನ್ನಿಗೆ ಸ್ವಲ್ಪ ಮೊದಲು ಹಾಕಿದರಂತೆ. ಅದು ಕೆಲಸ ಮಾಡಲು ಹೊತ್ತೇ ಇರಲಿಲ್ಲ. ಎರಡನೆಯದರ ಪ್ರಶ್ನೆಯೇ ಬರಲಿಲ್ಲ.

ಡಾಕ್ಟರನ್ನು ಕೇಳಿದೆ. ಸೋಮವಾರವೇ ಸೇರಿದ್ದರೆ?

"ಈಗ ಅದನ್ನು ಕೇಳಬೇಡಿ" ಅಂದರು. ನಾನು ಅವರ ಮುಖ ನೋಡುತ್ತಲೇ ಇದ್ದೆ. "ಪ್ರೆಷರ್ ನೀವು ತಂದುಕೊಂಡದ್ದಲ್ಲ. ಮಗು ಬೆಳೆಯದೆ ಇದ್ದದ್ದೂ ನಿಮ್ಮ ತಪ್ಪಲ್ಲ. ಹೇಗೂ ಬೇಗ ತೆಗೆಯಬೇಕಾಗುತ್ತಿತ್ತು. ಆದರೆ ಆ ಎರಡು ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಉಸಿರಿಗೆ ಇಷ್ಟು ಒದ್ದಾಡುತ್ತಿರಲಿಲ್ಲವೇನೋ." ಕೇಳಿದ್ದಕ್ಕೆ ಉತ್ತರ ಸಿಕ್ಕಿತು.

ಅತ್ತೆಯ ಎದುರೇ ಈ ಮಾತಾಯಿತು. ಡಾಕ್ಟರು ಹೋದ ಮೇಲೆ ಅವರು ಸೆರಗಿನ ಅಂಚು ತಿರುವುತ್ತ ಅಂದರು: "ನಾರ್ಮಲ್ ಅಂದ್ಯಲ್ಲೇ ಜಯಾ." ಅಷ್ಟೇ. ಜಗಳವಾಡಿದ್ದರೆ ನನಗೂ ನಾಲ್ಕು ಮಾತಿದ್ದವು.

೬ ಮಾರ್ಚ್

ಒಂಬೈನೂರ ಹತ್ತು. ಮೊದಲು ಇಳಿಯುವುದು ಸಹಜವಂತೆ.

ಗುರುಚರಣ: "ಇಷ್ಟು ಸೀರಿಯಸ್ ಅಂತ ನೀನು ನನಗೆ ಹೇಳಲೇ ಇಲ್ಲ."

"ಹೇಳಿದೆ. ನೀವು ಸ್ಕೋರ್ ನೋಡ್ತಾ ಇದ್ರಿ."

"ನೀನು ಹೇಳಿದ ರೀತಿ ಹಾಗಿರಲಿಲ್ಲ."

ಅದೂ ನಿಜವಿರಬಹುದು. ನಾನು ಹೇಳಿದ ರೀತಿ ಅವರು ಬೇಡ ಅನ್ನದ ಹಾಗೆ ಇತ್ತು.

೧೧ ಮಾರ್ಚ್

ಸೋಂಕು. ಉಳಿಯುವುದೋ ಇಲ್ಲವೋ ಹೇಳಲಾಗದು ಅಂದರು. ಹೆಸರಿಟ್ಟಿದ್ದೀರಾ ಅಂತ ನರ್ಸ್ ಕೇಳಿದಳು. ಪುರುಡು, ಶಾಸ್ತ್ರ, ನಾಮಕರಣ ಅಂತ ಅತ್ತೆ ಏನೋ ಶುರುಮಾಡಿದರು. "ಚಿನ್ಮಯಿ ಅಂತ ಬರ್ಕೋ" ಅಂದೆ.

೨೩ ಮಾರ್ಚ್, ಭಾನುವಾರ

ವಿಶ್ವಕಪ್ ಫೈನಲ್. ಕೆಳಗಿನ ಟಿವಿಯ ಮುಂದೆ ವಾರ್ಡ್‌ಬಾಯ್‌ಗಳು, ಅಪ್ಪಂದಿರು, ಮೂಗಿಗೆ ಹತ್ತಿ ಇಟ್ಟುಕೊಂಡ ಒಬ್ಬ ರೋಗಿ, ಎಲ್ಲರೂ. ಸಂಜೆಯ ಹೊತ್ತಿಗೆ ನಮ್ಮ ತಂಡ ಸೋಲುವುದು ಖಚಿತವಾಗಿ ಇಡೀ ಕಟ್ಟಡ ಸಾವಿನ ಮನೆಯಾಗಿತ್ತು. ಇವತ್ತೇ ಮಧ್ಯಾಹ್ನ ಚಿನ್ಮಯಿಯ ಯಂತ್ರ ತೆಗೆದರು. ತಾನೇ ಉಸಿರಾಡುತ್ತಿದ್ದಾಳೆ. ಪಕ್ಕೆ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಒಂದು ಸಲ ಮರೆತಳು, ನರ್ಸ್ ಅಂಗಾಲು ಚಿವುಟಿದಳು, ಮತ್ತೆ ಉಸಿರಾಡಿದಳು. ಗುರುಚರಣರಿಗೆ ಹೇಳಲು ಕೆಳಗೆ ಹೋದೆ. ಎಲ್ಲರ ನಡುವೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಹೇಳದೆ ವಾಪಸು ಬಂದೆ.

೨೦ ಏಪ್ರಿಲ್, ಭಾನುವಾರ

ಮನೆಗೆ ಬಂದೆವು. ಎರಡು ಕಿಲೋಗೆ ಸ್ವಲ್ಪ ಕಡಿಮೆ.

ಕಣ್ಣಿನ ಪರದೆಯ ರಕ್ತನಾಳ ತಪ್ಪಾಗಿ ಬೆಳೆಯುತ್ತಿದ್ದವು, ದಿನ ತುಂಬುವ ಮೊದಲು ಹುಟ್ಟಿ ಆಮ್ಲಜನಕದಲ್ಲಿದ್ದ ಮಕ್ಕಳಿಗೆ ಹಾಗಾಗುವುದುಂಟಂತೆ. ಲೇಸರ್ ಮಾಡಿದ್ದಾರೆ. ಬಲಗಣ್ಣು ಉಳಿಯಿತು. ಎಡಗಣ್ಣಿನಲ್ಲಿ ಬೆಳಕು ಗೊತ್ತಾದೀತು, ಅದಕ್ಕಿಂತ ಹೆಚ್ಚಿಗೆ ಆಸೆ ಇಟ್ಟುಕೊಳ್ಳಬೇಡಿ ಅಂದರು.

ಅತ್ತೆ ಹಳೆಯ ಪಂಚೆ ಹರಿದು ಕುಲಾವಿ ಹೊಲಿದಿದ್ದಾರೆ, ನಿಂಬೆಹಣ್ಣಿನ ತಲೆಗೆ ಆಗುವಂಥವು. ಮಗುವನ್ನು ಎದೆಗೆ ಒತ್ತಿಕೊಂಡು ಗಂಟೆಗಟ್ಟಲೆ ಅಲುಗದೆ ಕೂರುತ್ತಾರೆ. ಅವರ ಮೇಲಿನ ಸಿಟ್ಟನ್ನು ಎಲ್ಲಿಡಲಿ ಎಂದು ತಿಳಿಯುವುದಿಲ್ಲ. ಬಂದವರ ಮುಂದೆ ಮಾತ್ರ ಒಂದು ಕಥೆ ಶುರುವಾಗಿದೆ. "ಸೀಮಂತ ಒಂದು ಮಾಡಿದ್ವಲ್ಲ, ಆ ಪುಣ್ಯವೇ ಕಾಯ್ತು. ಮಾರನೇ ದಿನವೇ ನೋಡಿ ಹಿಂಗಾಗಿದ್ದು. ಒಂದು ದಿನ ಮುಂಚೆ ಆಗಿದ್ರೆ?"

ನಾನು ಕಾಫಿ ತಂದು ಕೊಡುತ್ತೇನೆ.

೧೦ ಆಗಸ್ಟ್, ಭಾನುವಾರ

ಶ್ರೀಪ್ರಿಯಾಗೆ ಮೂರು ತಿಂಗಳು. ಹುಬ್ಬಳ್ಳಿಯಿಂದ ಪ್ರಮೋದ ಫೋನ್ ಮಾಡಿದ. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿ, ಫೋನಿನಲ್ಲಿ ಎಲ್ಲರಿಗೂ ಹೇಳುತ್ತಿದ್ದಾರಂತೆ: ಜಯಾಳ ಪಕ್ಕ ಕೂತಳು, ಆರು ತಿಂಗಳಲ್ಲಿ ಫಲ.

ಚಿನ್ಮಯಿಗೆ ಮತ್ತೆ ಎದೆಯಲ್ಲಿ ಕಫ. ಆಸ್ಪತ್ರೆಗೆ ಸೇರಿಸಿದ್ದು ಇದು ಎರಡನೆಯ ಸಲ. ಅಲ್ಲಿಂದಲೇ ಬರೆಯುತ್ತಿದ್ದೇನೆ. ಕತ್ತು ಇನ್ನೂ ನಿಂತಿಲ್ಲ. ಗಿಲಕಿಯನ್ನು ಎಡಗಡೆಯಿಂದ ತಂದರೆ ನೋಡುವುದಿಲ್ಲ. ಬಲಗಡೆಗೆ ತಂದರೆ ಹುಬ್ಬು ಗಂಟಿಕ್ಕಿ, ಯಾರಪ್ಪಾ ನೀನು, ಎನ್ನುವ ಹಾಗೆ ನೋಡುತ್ತಾಳೆ. ಇವತ್ತು ನನ್ನ ಕಿರುಬೆರಳು ಹಿಡಿದವಳು ಬಿಡಲಿಲ್ಲ. ಊಟಕ್ಕೆ ಹೋಗಲಿಲ್ಲ.

೯ ನವೆಂಬರ್, ಭಾನುವಾರ

ಬೆಳಿಗ್ಗೆ ಅತ್ತೆ ಫೋನಿನಲ್ಲಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ, ಚಿನ್ಮಯಿ ಹೆಗಲ ಮೇಲೆ.

"ಊತ ಇದ್ರೆ ಇರಲಿ ಬಿಡೋ ಪ್ರಮೋದಾ. ಡಾಕ್ಟ್ರು ಹೆದರಿಸ್ತಾರೆ, ಅವರ ಕೆಲಸವೇ ಅದು. ಪ್ರೆಷರ್ ಅಂತಾರಾ? ಇಲ್ಲಿ ಜಯಾಗೂ ಇತ್ತಪ್ಪಾ, ಇದಕ್ಕಿಂತ ಜಾಸ್ತಿ. ಸೀಮಂತ ಮುಗಿಸ್ಕೊಂಡೇ ಹೋದ್ಲು. ಏನಾಯ್ತು? ಮಗು ಗುಂಡುಕಲ್ಲಿನ ಹಾಗಿದೆ. ಡಿಸೆಂಬರ್ ಒಂದಕ್ಕೆ ಮುಹೂರ್ತ, ನಾನು ವಾರ ಮುಂಚೆನೇ ಬರ್ತೀನಿ. ಅದು ಮುಗಿಯೋ ತನಕ ಆಸ್ಪತ್ರೆ ಪಾಸ್ಪತ್ರೆ ಬೇಡ."

ಹೋದ ವಾರ ಅವಳ ಡಾಕ್ಟರು, ಪ್ರೆಷರ್ ಏರುತ್ತಿದೆ, ವಾರವಾರ ಬನ್ನಿ, ಸೇರಿಸಬೇಕಾಗಬಹುದು ಅಂದರಂತೆ.

"ಫೋನ್ ಕೊಡಿ ಅಮ್ಮಾ" ಅಂದೆ. ಪ್ರಮೋದ ಅವಳಿಗೆ ಕೊಟ್ಟ. ಸೀಮಂತದ ರಾತ್ರಿಯೇ ಊರಿಗೆ ಹೊರಟವರಿಗೆ ಇಲ್ಲಿಯದು ಗೊತ್ತಿರುವುದು ಅತ್ತೆ ಹೇಳಿದಷ್ಟೇ.

"ಹೆಂಗಿದ್ದೀರಿ ವೈನಿ? ನಿಮಗೂ ಹಿಂಗ ಆಗಿತ್ತಂತಲ್ಲ? ಅತ್ತಿಯವ್ರು ಹೇಳಿದ್ ಮ್ಯಾಲೆ ಜೀವಕ್ಕ ಒಂಚೂರು ಧೈರ್ಯ ಬಂತ್ ನೋಡ್ರಿ."

ಅತ್ತೆ ಪಕ್ಕದಲ್ಲೇ ನಿಂತು ಬೇಡ, ಹೆದರಿಸಬೇಡ, ಎಂದು ಕೈ ಆಡಿಸುತ್ತಿದ್ದರು. ಗುರುಚರಣ ಪೇಪರಿನಿಂದ ತಲೆ ಎತ್ತಿದ್ದರು. ನಾನು "ರೆಸ್ಟ್ ತಗೊಳಮ್ಮಾ, ಡಾಕ್ಟರ್ ಹೇಳಿದ್ದು ಕೇಳು" ಅಂದೆ. ಅವಳು ಹೂಂ ಅಂದಳು. ಯಾರು ಬೇಕಾದರೂ ಹೇಳುವ ಮಾತು. ಫೋನಿನಲ್ಲಿ, ನಾಲ್ಕು ಜನ ಕೇಳುತ್ತಿರುವಾಗ, ನಾನು ಒಳ್ಳೆಯವಳಾಗಿಬಿಡುತ್ತೇನೆ. ಅದು ನನ್ನ ಹಳೆಯ ರೋಗ.

ಬದುಕಿದ ನನ್ನ ಮಗಳು ಈಗ ಅವರಿಗೆ ಸಾಕ್ಷಿ. ಸತ್ತಿದ್ದರೆ ಯಾರೂ ಅವಳ ಹೆಸರು ಎತ್ತುತ್ತಿರಲಿಲ್ಲ. ಅವಳು ಉಸಿರಿಗೆ ಒದ್ದಾಡಿದ್ದು ಇದಕ್ಕೇ ಏನು?

ಮಧ್ಯಾಹ್ನ ಊಟದ ಮೇಜಿನ ಮುಂದೆಯೇ ಕೂತು ಕಾಗದ ಬರೆದೆ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಇಬ್ಬರ ಹೆಸರಿಗೂ. ನನ್ನ ಸ್ಕ್ಯಾನಿನ, ಚಿನ್ಮಯಿಯ ಕಣ್ಣಿನ ವರದಿಯ ಪ್ರತಿಗಳನ್ನು ಜೊತೆಗಿಟ್ಟೆ, ಅವರ ಡಾಕ್ಟರಿಗೆ ತೋರಿಸಲಿ. ಏನೂ ಆಗಲಿಲ್ಲ ಎನ್ನುವುದು ಸುಳ್ಳು ಎಂದು ಬರೆದೆ. ಯಂತ್ರದ ವಿಷಯ ಬರೆದೆ, ಎಡಗಣ್ಣಿನ ವಿಷಯ ಬರೆದೆ, ಎಂಟು ತಿಂಗಳಾದರೂ ಬೆನ್ನಿಗೆ ದಿಂಬಿಲ್ಲದೆ ಕೂರಲಾರಳು ಎಂದು ಬರೆದೆ. ನನ್ನನ್ನು ಯಾರೂ ತಡೆಯಲಿಲ್ಲ, ಯಾರೂ ಬಲವಂತ ಮಾಡಲಿಲ್ಲ, ಮಣೆಯ ಆಸೆ ನನ್ನದೇ ಎಂದೂ. ಸೇರಿಸಿ ಅಂದ ದಿನ ಸೇರಿಕೋ. ಮುಹೂರ್ತ ಮೀರಿದರೆ ಮೀರಲಿ.

ಅತ್ತೆ ಕನ್ನಡಕ ಹಾಕಿಕೊಂಡು ಬಂದು ಎದುರಿಗೆ ಕೂತರು. "ಏನು ಬರೀತಿದ್ದೀ?"

ಓದಿ ಹೇಳಿದೆ. ಮೊದಲಿಂದ ಕೊನೆಯ ತನಕ. ಎಡಗಣ್ಣಿನ ಸಾಲು ಬಂದಾಗ ಅವರು ಚಿನ್ಮಯಿಯನ್ನು ನನ್ನ ತೊಡೆಯಿಂದ ಎತ್ತಿಕೊಂಡರು.

"ಹೆಣ್ಣು ಕೂಸು ಕಣೇ. ಕಣ್ಣಿನ ವಿಷಯ ಕಾಗದದಲ್ಲಿ ಬರೆದ್ರೆ ನಾಳೆ ನಾಲ್ಕು ಜನಕ್ಕೆ ಗೊತ್ತಾಗತ್ತೆ."

"ಗೊತ್ತಾಗಲಿ ಅಮ್ಮಾ."

"ಇದು ಅಲ್ಲಿ ಹೋದ್ಮೇಲೆ ನಾನು ಯಾವ ಮುಖ ಇಟ್ಕೊಂಡು ಆ ಮನೆಗೆ ಹೋಗ್ಲಿ?"

"ಹೋಗಿ. ಆಸ್ಪತ್ರೇಲಿ ಅವಳ ಹತ್ರ ಕೂತ್ಕೊಳ್ಳೋಕೆ ಒಬ್ಬರು ಬೇಕಾಗತ್ತೆ."

ಅವರು ಎದ್ದು ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಗುರುಚರಣ ಮೆಲ್ಲಗೆ "ಅಮ್ಮನಿಗೆ ಬೇಜಾರು ಮಾಡಿಬಿಟ್ಟೆ" ಅಂದರು. ಹೌದು ಅಂದೆ. ಅವರು ಮತ್ತೆ ಪೇಪರು ಎತ್ತಿಕೊಂಡರು.

ಕಾಗದದ ತಲೆಯಲ್ಲಿ ಇವತ್ತಿನ ತಾರೀಖು ಹಾಕಿಲ್ಲ. ನಾಳೆ ನಮ್ಮ ಕ್ರೋಂಪೇಟೆ ಅಂಚೆ ಕಚೇರಿ ತೆರೆಯುವ ಹೊತ್ತಿಗೆ ನಾನು ಅಲ್ಲಿರಬೇಕು, ನಡುವೆ ಮನಸ್ಸು ಬದಲಾಗಬಾರದು. ಅದಕ್ಕೇ ಅಂಚೆಗೆ ಹಾಕುವ ದಿನವನ್ನೇ ಬರೆದಿದ್ದೇನೆ: ಸೋಮವಾರ, ೧೦ ನವೆಂಬರ್ ೨೦೦೩.